ಪ್ಲಗ್ ಟ್ಯೂಬ್ ಸೆಟ್ ಮತ್ತು ಹಸಿರು ಲಾಕ್‌ಟೈಟ್: ಎಂಟು ತಿಂಗಳ ನಂತರ

ಕಳೆದ ಜೂನ್‌ನಲ್ಲಿ ಅಮ್ಮನನ್ನು ಮಣಿಪಾಲದ ಆಸ್ಪತ್ರೆಯಿಂದ ತೀರ್ಥಹಳ್ಳಿಗೆ ಕರೆದುಕೊಂಡು ಬರುತ್ತಿದ್ದೆ. ಆಗುಂಬೆ ಘಾಟಿಯ ಆರನೇ ತಿರುವಿನಲ್ಲೇ ಕಾರು ಮಿಸ್ಸಿಂಗ್ ಹೊಡೆಯಲು ಶುರುವಾಯಿತು. ಒಟ್ಟು 14 ತಿರುವು, ಜೋರು ಮಳೆ, ಪಿಕಪ್ ಇಲ್ಲ. ಅಮ್ಮ ಒಂದು ಮಾತೂ ಆಡದೆ ಕೂತಿದ್ದರು. ಇದನ್ನು ಬುಡದಿಂದ ಸರಿ ಮಾಡಲೇಬೇಕು ಅಂತ ಅವತ್ತೇ ನಿರ್ಧರಿಸಿದೆ.

ಮನೆಗೆ ಬಂದು, ಪ್ಲಗ್ಗಿಗೆ ಕರೆಂಟ್ ಕೊಡುವ ಕಾಯಿಲ್ ಎತ್ತಿದರೆ ಮೂರನೇ ಪ್ಲಗ್ಗಿನ ಗುಂಡಿಯಲ್ಲಿ ಎಂಜಿನ್ ಆಯಿಲ್ ನಿಂತಿತ್ತು. ಕಾಯಿಲ್‌ನ ರಬ್ಬರ್ ಬೂಟ್ ಎಣ್ಣೆ ಕುಡಿದು ಉಬ್ಬಿತ್ತು. ಇದು ಹೊಸ ತೊಂದರೆ ಅಲ್ಲ. ಮೊದಲು ಒಂದು ಗ್ಯಾರೇಜಿನಲ್ಲಿ ಎರಡು ಸಲ ಟ್ಯಾಪೆಟ್ ಕವರ್ (ಎಂಜಿನ್ನಿನ ಮೇಲಿನ ಮುಚ್ಚಳ) ಪ್ಯಾಕಿಂಗ್, ಪ್ಲಗ್ ಟ್ಯೂಬಿನ (ಗುಂಡಿಗೆ ಎಣ್ಣೆ ಬಾರದಂತೆ ಪ್ಲಗ್ಗಿನ ಸುತ್ತ ಇರುವ ಲೋಹದ ಕೊಳವೆ) ಮೇಲಿನ ಸೀಲ್ ಎಲ್ಲಾ ಬದಲಿಸಿದ್ದರು. ಎರಡು ಸಲವೂ ಎಣ್ಣೆ ವಾಪಸ್ ಬಂತು.

ಟ್ಯೂಬ್ ಎರಡು ಕಡೆ ಸೋರಬಹುದು. ಮೇಲೆ, ಕವರ್ ಕೂರುವ ರಬ್ಬರ್ ಸೀಲ್‌ನಲ್ಲಿ. ಇಲ್ಲವೇ ಕೆಳಗೆ, ಟ್ಯೂಬನ್ನು ಹೆಡ್ಡಿಗೆ (ಸಿಲಿಂಡರುಗಳ ಮೇಲಿನ ಲೋಹದ ಭಾಗ) ಬಿಗಿಯಾಗಿ ಬಡಿದು ಕೂರಿಸಿರುವ ಜಾಗದಲ್ಲಿ. ಕೆಳಗಿನ ಹಿಡಿತ ಸಡಿಲವಾದರೆ ಮೇಲೆ ಎಷ್ಟು ಸೀಲ್ ಹಾಕಿದರೂ ಸುಮ್ನೆ ದುಡ್ಡು ದಂಡ. ನಾನು ಗುಂಡಿ ಪೂರ್ತಿ ಒರೆಸಿ ಎರಡು ದಿನ ಪೇಟೆಗೆ ಓಡಾಡಿದೆ. ಮಗಳು ಟಾರ್ಚ್ ಹಾಕಿ ನೋಡಿ, "ಅಪ್ಪಯ್ಯ, ಮೇಲೆ ಒಣಗಿದೆ, ಎಣ್ಣೆ ಬುಡದಲ್ಲೇ ಇದೆ" ಅಂದಳು.

ಸೋರಿಕೆ ಕೆಳಗಿನದ್ದೇ ಅಂತಾಯಿತು, ಹಾಗಾಗಿ ಟ್ಯೂಬನ್ನೇ ಬದಲಿಸಲು ಹೊರಟೆ. ಟ್ಯೂಬ್ ಸೆಟ್ಟನ್ನು ಶಿವಮೊಗ್ಗದ ಬಿ.ಎಚ್. ರಸ್ತೆಯ ಒಂದು ಬಿಡಿಭಾಗದ ಅಂಗಡಿಯಲ್ಲಿ ತಂದೆ. ನಾಲ್ಕು ಟ್ಯೂಬುಗಳೂ ಚೆನ್ನಾಗಿವೆ. ಅಂಚು ನಯವಾಗಿದೆ, ದಪ್ಪ ಹಳೆಯದರಷ್ಟೇ ಇದೆ. ಜೊತೆಗೆ ಬಂದ ಸೀಲ್‌ಗಳು ಮಾತ್ರ ಗಟ್ಟಿ. ಅವನ್ನು ಪಕ್ಕಕ್ಕಿಟ್ಟು ಕಾರು ಕಂಪನಿಯ ಸೀಲನ್ನೇ ಹಾಕಿದೆ. ಟ್ಯೂಬ್ ಎಷ್ಟು ಆಳಕ್ಕೆ ಇಳಿಯಬೇಕು ಅಂತಲೂ ಪ್ಯಾಕೆಟ್ಟಿನಲ್ಲಿ ಬರೆದಿಲ್ಲ. ಹಾಗಾಗಿ ಹಳೆಯದನ್ನು ಕೀಳುವ ಮೊದಲೇ ಅದರ ಎತ್ತರ ಅಳೆದು ಬರೆದಿಟ್ಟುಕೊಳ್ಳಿ. ವೈಸ್ ಗ್ರಿಪ್ (ಬಿಗಿಯಾಗಿ ಕಚ್ಚಿ ಹಿಡಿಯುವ ಇಕ್ಕಳ) ಹಾಕಿ ತಿರುಚಿದರೆ ಹಳೇ ಟ್ಯೂಬ್ ನಜ್ಜುಗುಜ್ಜಾಗಿ ಬರುತ್ತದೆ, ಆಮೇಲೆ ಅಳತೆ ಸಿಗುವುದಿಲ್ಲ. ಆ ಹೊತ್ತಿನಲ್ಲಿ ಪ್ಲಗ್ ಒಳಗೇ ಇರಲಿ, ಕಸ ಸಿಲಿಂಡರಿಗೆ ಬೀಳಬಾರದು ಅಲ್ವಾ.

ನನ್ನ ಪೂರ್ತಿ ಮೆಚ್ಚುಗೆ ಲಾಕ್‌ಟೈಟ್ 620ಕ್ಕೆ. ಟ್ಯೂಬನ್ನು ಹೆಡ್ಡಿಗೆ ಹಿಡಿಸುವ ಹಸಿರು ಬಣ್ಣದ ಅಂಟು, 230 ಡಿಗ್ರಿ ಸೆಲ್ಸಿಯಸ್ ತನಕ ಶಾಖ ತಡೆಯುತ್ತದೆ. ಸಿಲಿಕಾನ್ ಅಂಟು ಗಾಳಿಯ ತೇವ ಹೀರಿ ಗಟ್ಟಿಯಾದರೆ, ಇದು ಎರಡು ಲೋಹಗಳ ನಡುವೆ ಗಾಳಿ ಸಿಗದಾಗ ಗಟ್ಟಿಯಾಗುತ್ತದೆ. ಆದರೆ ಎಣ್ಣೆಯ ಜಿಡ್ಡು ಉಳಿದಿದ್ದರೆ ಸರಿಯಾಗಿ ಹಿಡಿಯುವುದಿಲ್ಲ. ಹೆಡ್ಡಿನ ಆ ನಾಲ್ಕು ತೂತುಗಳನ್ನು ಉಜ್ಜಿ ಒರೆಸುವುದಕ್ಕೇ ನನಗೆ ಇಡೀ ಮಧ್ಯಾಹ್ನ ಬೇಕಾಯಿತು. ಕೆಲಸದ ಜೀವಾಳವೇ ಅದು, ಅವಸರ ಮಾಡಬೇಡಿ.

ಟ್ಯೂಬನ್ನು ರಾತ್ರಿ ಫ್ರೀಜರಿನಲ್ಲಿಟ್ಟರೆ ಕುಗ್ಗಿ ಸಲೀಸಾಗಿ ಇಳಿಯುತ್ತದೆ ಅನ್ನುತ್ತಾರೆ. ಮೊದಲ ಟ್ಯೂಬನ್ನು ಹಾಗೇ ಮಾಡಿದೆ. ನಮ್ಮ ಮಳೆಗಾಲದ ಗಾಳಿ ತಗುಲಿದ್ದೇ ತಡ, ಅದರ ಮೈಯೆಲ್ಲ ಇಬ್ಬನಿ ಕೂತು ಒದ್ದೆಯಾಯಿತು. ಆ ನೀರಿನ ಮೇಲೆ ಅಂಟು ಹಚ್ಚಲು ಮನಸ್ಸು ಬರಲಿಲ್ಲ. ಒಣಗಿಸಿ, ಅಂಟು ಹಚ್ಚಿ, ಮೇಲೆ ಮರದ ತುಂಡಿಟ್ಟು ನೇರವಾಗಿ ಬಡಿದು ಇಳಿಸಿದೆ. ಉಳಿದ ಮೂರನ್ನೂ ಹೀಗೇ ಅಂಟು ಹಚ್ಚಿ ಬಡಿದು ಇಳಿಸಿದೆ. 24 ಗಂಟೆ ಗಾಡಿ ಮುಟ್ಟಲಿಲ್ಲ.

ಒಟ್ಟು ಖರ್ಚು ಮೂರು ಸಾವಿರದೊಳಗೆ. ಈ ಎಂಟು ತಿಂಗಳಲ್ಲಿ ಅದೇ ಘಾಟಿ ನಾಲ್ಕು ಸಲ ಹತ್ತಿದ್ದೇನೆ. ಅಡಿಕೆ ಸುಗ್ಗಿ ಮುಗಿದ ಮೇಲೆ ಕಾಯಿಲ್ ಎತ್ತಿ ನೋಡಿದೆ, ಮೂರನೇ ಗುಂಡಿಯಲ್ಲಿ ಒಣ ಧೂಳು ಮಾತ್ರ ಇತ್ತು.

ಕೆಲವು ಎಂಜಿನ್‌ಗಳಲ್ಲಿ ಈ ಟ್ಯೂಬ್ ಹೆಡ್ಡಿನ ಜೊತೆಗೇ ಎರಕ ಹೊಯ್ದಿರುತ್ತದೆ, ಕೆಲವದರಲ್ಲಿ ಸ್ಕ್ರೂ ಥರ ತಿರುಗಿಸಿ ಕೂರಿಸಿರುತ್ತಾರೆ. ನಿಮ್ಮದು ಯಾವುದು ಅಂತ ಮೊದಲು ನೋಡಿಕೊಳ್ಳಿ. ಅಂಗಡಿಗೆ ಹೋಗುವಾಗ ಆರ್‌ಸಿ ಒಯ್ಯಿರಿ, ಚಾಸಿ ನಂಬರ್ ನೋಡಿಯೇ ಸರಿಯಾದ ಸೆಟ್ ಕೊಡುತ್ತಾರೆ.