ಲ್ಯಾಂಪ್, ಡಿ ಪುಡಿ, ಸಾಧನಕೇರಿ: ಮೋಡದ ದಿನಗಳಿಗೆ ನನಗೆ ಯಾವುದು ಆಗಿಬಂತು

ಮೋಡದ ದಿನಗಳಲ್ಲಿ ಬೆಳಕಿಲ್ಲದೆ ಮನಸ್ಸಿಗೆ ಕವಿಯುವ ಮಂಕಿಗೆ ನಾನು ನಾಲ್ಕು ದಾರಿ ನೋಡಿದೆ. ನನ್ನ ಓಟು ಸಾಧನಕೇರಿಗೆ, ಅಂದರೆ ನಮ್ಮ ಧಾರವಾಡದ ಆ ಕೆರೆಯ ಕಡೆಗಿನ ಬೆಳಗಿನ ನಡಿಗೆಗೆ. ಹಗಲಿನಂಥ ಬೆಳಕು ಕೊಡುತ್ತದೆಂದು ಸುಮಾರು ಐದು ಸಾವಿರ ಕೊಟ್ಟು ತರಿಸಿದ ಲ್ಯಾಂಪ್ ಎರಡನೆಯದು, ಅದೂ ಬಹಳ ದೂರದ ಎರಡನೆಯದು. ಕಿಟಕಿ ಪಕ್ಕದ ಕುರ್ಚಿ ಹೇಗೋ ಪಾಸಾಯಿತು. ಡಿ ವಿಟಮಿನ್ ಪುಡಿ ನಿಜ ಹೇಳಬೇಕೆಂದರೆ ಈ ಸಾಲಿಗೆ ಸೇರಿದ್ದೇ ಅಲ್ಲ. ಆದರೆ ವಿಷಯ ತೆಗೆದ ಕೂಡಲೇ ಎಲ್ಲರೂ ಅದನ್ನೇ ಕೇಳುತ್ತಾರೆ, ಅದಕ್ಕೆ ಸೇರಿಸಿದ್ದೇನೆ.

ನಮ್ಮ ಮನೆ ಧಾರವಾಡದ ಸಪ್ತಾಪುರದಲ್ಲಿ. ಒಂದು ಕಡೆ ಪಿಜಿ, ಇನ್ನೊಂದು ಕಡೆ ಕೋಚಿಂಗ್ ಕ್ಲಾಸಿನ ಮೂರಂತಸ್ತಿನ ಕಟ್ಟಡ. ನಡುವೆ ನಮ್ಮ ಹಳೆಯ ಮನೆ. ಪಿಎಸ್‌ಐ, ಎಫ್‌ಡಿಎ ಪರೀಕ್ಷೆಗೆ ಓದಲು ಬಂದ ಹುಡುಗರು ಮೇಲೆ ಒಂದು ಚಾದರ ಒಣಹಾಕಿದರೆ ಸಾಕು, ನಮ್ಮ ನಡುಮನೆಯಲ್ಲಿ ಸಂಜೆಯಾಗುತ್ತದೆ. ನನ್ನದು ಇಂಗ್ಲೆಂಡಿನ ಒಂದು ಕಂಪನಿಯ ಪೇರೋಲ್ ಕೆಲಸ, ಮನೆಯಿಂದಲೇ. ಮಧ್ಯಾಹ್ನ ಕೂತರೆ ರಾತ್ರಿ ಹತ್ತರ ಸುಮಾರಿಗೆ ಏಳುವುದು. ಮಲಗುವುದು ತಡ, ಏಳುವುದೂ ತಡ. ಎದ್ದ ಕೂಡಲೇ ಟ್ಯೂಬ್‌ಲೈಟ್ ಹಾಕುವುದು ರೂಢಿ.

ಇದರ ಮೇಲೆ ಧಾರವಾಡದ ಮಳೆಗಾಲ. ಧೋ ಎಂದು ಸುರಿದು ಮುಗಿದುಹೋಗುವ ಮಳೆ ಆಗಿದ್ದರೆ ಚಿಂತೆಯಿರಲಿಲ್ಲ. ಜಿಟಿಜಿಟಿ ಹಿಡಿಯಿತೆಂದರೆ ಬಿಡುವ ಮಾತೇ ಇಲ್ಲ. ಹುಬ್ಬಳ್ಳಿಯಲ್ಲಿ ರಸ್ತೆ ಒಣಗಿದ್ದರೂ ನವನಗರ ದಾಟಿ ಇತ್ತ ಬಂದರೆ ಹನಿ ಶುರು. ಜುಲೈ ಬರುವಷ್ಟರಲ್ಲಿ ನನಗೆ ಮಂಕು ಕವಿಯುತ್ತಿತ್ತು. ಎಷ್ಟು ಮಲಗಿದರೂ ನಿದ್ದೆ ಸಾಲದು. ಫೋನ್ ಬಂದರೆ ಎತ್ತಲು ಬೇಸರ. ಸಂಜೆಗೆ ಗಿರ್ಮಿಟ್ ಬೇಕು, ಗಿರ್ಮಿಟ್ ಮೇಲೆ ಮಿರ್ಚಿ ಬೇಕು, ಅದಾದ ಮೇಲೆ ಪೇಡಾ. ಬೇಸರವಾದರೆ ಊಟ ಸೇರುವುದಿಲ್ಲ ಅಂತಾರಲ್ಲ, ನನ್ನದು ಉಲ್ಟಾ. ಡಿಸೆಂಬರ್‌ನಲ್ಲಿ ಮಳೆ ಇಲ್ಲದಿದ್ದರೂ ಕತೆ ಅದೇ. ಚಳಿ ಎಂದು ಇನ್ನೂ ತಡವಾಗಿ ಏಳುವುದು, ಬಾಗಿಲು ಹಾಕಿಕೊಂಡು ಕೂರುವುದು.

ಇಂಗ್ಲೆಂಡಿನ ಸಹೋದ್ಯೋಗಿಗಳಿಗೆ ಇದು ಹೊಸದೇನಲ್ಲ. ಲಂಡನ್‌ನಲ್ಲಿ ಡಿಸೆಂಬರ್ ಕೊನೆಗೆ ಹಗಲು ಎಂಟು ಗಂಟೆಯೂ ಇರುವುದಿಲ್ಲ. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸಿದರೆಂದರೆ ಕೆಲವರ ಮೇಜಿನ ಮೇಲೆ ಬಿಳಿ ಲ್ಯಾಂಪ್ ಬಂದು ಕೂರುತ್ತದೆ. ಋತುವಿನ ಜೊತೆ ಬಂದು ಹೋಗುವ ಈ ಖಿನ್ನತೆಯನ್ನು 1984ರಲ್ಲಿ ಅಮೆರಿಕದ ನಾರ್ಮನ್ ರೋಸೆಂಥಾಲ್ ಮತ್ತು ಜೊತೆಗಾರರು ವಿವರಿಸಿ ಹೆಸರಿಟ್ಟರು. ಜಾಸ್ತಿ ನಿದ್ದೆ, ಸಿಹಿ ಮತ್ತು ಹಿಟ್ಟಿನ ತಿಂಡಿಗಳ ಆಸೆ ಅದರ ಗುರುತುಗಳಲ್ಲಿ ಸೇರಿವೆ. ನನಗಿರುವುದು ಅದೇ ಎಂದು ಯಾವ ಡಾಕ್ಟರೂ ಬರೆದುಕೊಟ್ಟಿಲ್ಲ. ಧಾರವಾಡದಲ್ಲಿ ಡಿಸೆಂಬರ್‌ನಲ್ಲೂ ಹಗಲು 11 ಗಂಟೆಗೂ ಜಾಸ್ತಿ ಇರುತ್ತದೆ. ಬೆಳಕಿಗೆ ಬರ ಇಲ್ಲ, ನಮ್ಮ ನಡುಮನೆಗೆ ಬರುವುದಿಲ್ಲ ಅಷ್ಟೇ. ಆದರೂ ಅವರ ಮಾತು ಕೇಳಿ ಲ್ಯಾಂಪ್ ತರಿಸಿದೆ.

ಲ್ಯಾಂಪಿನ ಲೆಕ್ಕ ಹೀಗಿದೆ. ಎದ್ದ ಸ್ವಲ್ಪ ಹೊತ್ತಿನಲ್ಲೇ 10,000 ಲಕ್ಸ್ ಬೆಳಕಿನ ಮುಂದೆ ಅರ್ಧ ಗಂಟೆ ಕೂರಬೇಕು. ಲಕ್ಸ್ ಅಂದರೆ ಒಂದು ಜಾಗದ ಮೇಲೆ ಎಷ್ಟು ಬೆಳಕು ಬೀಳುತ್ತದೆ ಎನ್ನುವ ಅಳತೆ. ದಿಟ್ಟಿಸಿ ನೋಡಬೇಕಿಲ್ಲ, ಬೆಳಕು ಕಣ್ಣಿಗೆ ಬಿದ್ದರೆ ಸಾಕು. ಕಣ್ಣಿನೊಳಗಿನ ಕೆಲವು ಜೀವಕೋಶಗಳು ಬೆಳಗಾಯಿತು ಎಂಬ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುತ್ತವೆ, ನಿದ್ದೆಯ ಹಾರ್ಮೋನ್ ಮೆಲಟೋನಿನ್ ಇಳಿಯುತ್ತದೆ. ಲಕ್ಸ್ ಕಡಿಮೆ ಇದ್ದರೆ ಹೊತ್ತು ಜಾಸ್ತಿ ಬೇಕು. 2,500 ಲಕ್ಸ್ ಆದರೆ ಎರಡು ಗಂಟೆ.

ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ 10,000 ಲಕ್ಸ್ ಎಂದೇ ಇತ್ತು. ಒಳಗಿನ ಚೀಟಿಯಲ್ಲಿ, ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ, 15 ಸೆಂಟಿಮೀಟರ್ ದೂರದಲ್ಲಿ ಎಂದಿತ್ತು. ಹದಿನೈದು ಸೆಂಟಿಮೀಟರ್ ಅಂದರೆ ಶಾಲೆಯ ಕಂಪಾಸ್ ಬಾಕ್ಸಿನ ಸ್ಕೇಲ್. ಅಷ್ಟು ಹತ್ತಿರ ಮುಖ ಇಟ್ಟುಕೊಂಡು ಅರ್ಧ ಗಂಟೆ ಮಾಡುವುದಾದರೂ ಏನು? ಚಹಾದ ಕಪ್ಪು ಬಾಯಿಗೆ ಒಯ್ಯಲು ಜಾಗ ಇಲ್ಲ. ಅವಲಕ್ಕಿ ತಿನ್ನಬೇಕೆಂದರೆ ಚಮಚ ಲ್ಯಾಂಪಿಗೆ ತಾಗುತ್ತದೆ. ಪೇಪರ್ ಓದೋಣವೆಂದರೆ ಅದನ್ನು ಹಿಡಿಯುವುದೆಲ್ಲಿ? ಕನ್ನಡಕದ ಮೇಲೆ ಬಿಳಿ ಚೌಕ ಕೂತು ಬೇರೇನೂ ಕಾಣದು.

ಸರಿ, ಸ್ವಲ್ಪ ಹಿಂದೆ ಸರಿದೆ. ಫೋನಿನಲ್ಲಿ ಲಕ್ಸ್ ಅಳೆಯುವ ಆ್ಯಪ್ ಹಾಕಿಕೊಂಡೆ. ಅದರ ಅಂಕಿ ಪೂರ್ತಿ ನಂಬುವಂಥದ್ದಲ್ಲ, ಆದರೆ ಯಾವುದು ಜಾಸ್ತಿ ಯಾವುದು ಕಡಿಮೆ ಎಂದು ತಿಳಿಯಲು ಸಾಕು. ಮೂಗಿನ ಹತ್ತಿರ ಹತ್ತು ಸಾವಿರದ ಸಮೀಪ ತೋರಿಸಿತು. ಲ್ಯಾಪ್‌ಟಾಪ್ ಇಡುವಷ್ಟು ದೂರಕ್ಕೆ ಬಂದರೆ ಎರಡು ಸಾವಿರವೂ ಇಲ್ಲ. ಬೆಳಕಿನ ಗುಣವೇ ಅದು. ದೂರ ಎರಡು ಪಟ್ಟಾದರೆ ಬೆಳಕು ಹೆಚ್ಚುಕಡಿಮೆ ಕಾಲು ಭಾಗಕ್ಕೆ ಇಳಿಯುತ್ತದೆ. ಲ್ಯಾಂಪ್ ಸಣ್ಣದಾದಷ್ಟೂ ಈ ಪೆಟ್ಟು ಜೋರು. ಆ ಚಿಕಿತ್ಸೆಗೆಂದೇ ಮಾಡಿದ ದೊಡ್ಡ ಲ್ಯಾಂಪ್‌ಗಳನ್ನು 40ರಿಂದ 60 ಸೆಂಟಿಮೀಟರ್ ದೂರ ಇಟ್ಟುಕೊಳ್ಳಬಹುದು. ನನಗೆ ಬಂದದ್ದು ಒಂದು ಕೈಯಲ್ಲಿ ಹಿಡಿಯುವ ಹಲಗೆ.

ಅಂದರೆ ಆರಾಮಾಗಿ ಕೂರಬೇಕಾದರೆ ಎರಡು ಗಂಟೆಗೂ ಜಾಸ್ತಿ ಬೇಕು. ಅರ್ಧ ಗಂಟೆಯಲ್ಲಿ ಮುಗಿಸಬೇಕಾದರೆ ಲ್ಯಾಂಪಿಗೆ ಮುತ್ತು ಕೊಡುತ್ತ ಕೂರಬೇಕು. ಹಿಟ್ಟಿನ ಡಬ್ಬಿಯ ಮೇಲೆ ಏರಿಸಿ ನೋಡಿದೆ. ಓರೆಯಾಗಿ ಇಟ್ಟೆ. ಕುಕ್ಕರಿನ ಪಕ್ಕ ನಿಲ್ಲಿಸಿಕೊಂಡು ಒಗ್ಗರಣೆ ಹಾಕಿದೆ, ಅದರ ಮೇಲೆ ಎಣ್ಣೆ ಸಿಡಿಯಿತು. ನಡುವೆ ಕರೆಂಟ್ ಹೋಗಿ ಬಂದರೆ ಲ್ಯಾಂಪ್ ತಾನೇ ಹತ್ತುವುದಿಲ್ಲ. ಹತ್ತಿಸಿದರೆ ಎಲ್ಲಕ್ಕಿಂತ ಮಂದ ಬೆಳಕಿನಿಂದ ಶುರು. ಮಳೆಗಾಲದ ಕರೆಂಟು ನಿಮಗೆ ಗೊತ್ತೇ ಇದೆ. ಅವ್ವ ಬಾಗಿಲಲ್ಲಿ ನಿಂತು ನೋಡಿದಳು: "ಅಲ್ಲವಾ, ಹೊರಗ ಸೂರ್ಯಾ ಪುಕ್ಕಟ ಅದಾನು. ನೀ ಐದು ಸಾವಿರದ ಸೂರ್ಯಾನ್ನ ಮನ್ಯಾಗ ಹಚ್ಕೊಂಡ ಕುಂತೀಯಲ್ಲ!"

ಮಾರಿದವನು ಡಬ್ಬಿ ಬಿಚ್ಚಿದ ಮೇಲೆ ವಾಪಸ್ ಇಲ್ಲ ಎಂದ. ಈಗ ಲ್ಯಾಂಪ್ ವೈನಿಯ ಹೊಲಿಗೆ ಮಷಿನ್ ಪಕ್ಕ ಇದೆ. ಫಾಲ್ ಹಚ್ಚಲು, ಅದರಲ್ಲೂ ಕರಿ ಸೀರೆಗೆ ಕರಿ ದಾರ ಹಾಕುವಾಗ, ಅದರಷ್ಟು ಒಳ್ಳೆಯ ದೀಪ ಇಲ್ಲವಂತೆ.

ನ್ಯಾಯವಾಗಿ ಹೇಳಬೇಕೆಂದರೆ, ಮುಖ ಹತ್ತಿರ ಇಟ್ಟು ಕೂತ ದಿನಗಳಲ್ಲಿ ಮಧ್ಯಾಹ್ನದ ತೂಕಡಿಕೆ ಕಡಿಮೆಯಾಗಿತ್ತು. ಕೆಲಸ ಮಾಡುತ್ತದೆ, ಜೊತೆ ಬಾಳುವುದು ಕಷ್ಟ. ಇನ್ನೊಂದು ಮಾತು. ಕಣ್ಣಿನ ಒಳಪರದೆಯ (ರೆಟಿನಾ) ತೊಂದರೆ ಇರುವವರು, ಬೈಪೋಲಾರ್ (ಮನಸ್ಸು ಅತಿ ಉತ್ಸಾಹಕ್ಕೂ ಖಿನ್ನತೆಗೂ ತೂಗಾಡುವ ಕಾಯಿಲೆ) ಇರುವವರು ಡಾಕ್ಟರನ್ನು ಕೇಳದೆ ಈ ಲ್ಯಾಂಪ್ ಮುಂದೆ ಕೂರಬಾರದು. ಬೈಪೋಲಾರ್ ಇರುವವರಲ್ಲಿ ಅದು ಉನ್ಮಾದಕ್ಕೆ ತಿರುಗುವ ಅಪಾಯವಿದೆ. ಮಂಕು ಎರಡು ವಾರ ದಾಟಿ, ಕೆಲಸ, ಊಟ ಎಲ್ಲ ಹಳಿ ತಪ್ಪಿದೆ ಎಂದಾದರೆ ಲ್ಯಾಂಪ್, ಕೆರೆ ಎರಡೂ ಆಮೇಲೆ. ನಮ್ಮ ಊರಲ್ಲೇ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್ ಇದೆ. ಹೋಗಲು ಸಂಕೋಚ ಅನಿಸಿದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ದುಡ್ಡಿಲ್ಲ.

ಡಿ ಪುಡಿ. ರಕ್ತ ಪರೀಕ್ಷೆಯಲ್ಲಿ ನನಗೆ ಕಡಿಮೆ ಬಂತು. ಡಾಕ್ಟರ್ ವಾರಕ್ಕೊಂದು 60,000 ಯೂನಿಟ್ ಪುಡಿ ಬರೆದುಕೊಟ್ಟರು, ಹಾಲಿನಲ್ಲಿ ಕಲಸಿ ಕುಡಿದೆ. ಸೊಂಟದ ನೋವು ಇಳಿಯಿತು. ಮಂಕು ಇದ್ದಲ್ಲೇ ಇತ್ತು. ಪುಡಿ ಎಲುಬಿನ ಲೆಕ್ಕ, ಬೆಳಕು ಕಣ್ಣಿನ ಲೆಕ್ಕ. ಪಕ್ಕದ ಮನೆಯವರು ತಗೊಂಡರು ಎಂದು ಪರೀಕ್ಷೆ ಮಾಡಿಸದೆ ತಿಂಗಳುಗಟ್ಟಲೆ ನುಂಗಬೇಡಿ. ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ತೊಂದರೆ.

ಕಿಟಕಿಯ ಕುರ್ಚಿಗೆ ಖರ್ಚಿಲ್ಲ. ಮೇಜನ್ನು ಮುಂಬಾಗಿಲ ಕಡೆಯ ಕಿಟಕಿಗೆ ಸರಿಸಿದೆ, ಪರದೆ ತೆಗೆದೆ. ನಡುಮನೆಗಿಂತ ಎಷ್ಟೋ ವಾಸಿ. ಆದರೆ ಗಾಜು ಹಾಕಿದ ಕಿಟಕಿಯಲ್ಲಿ ಎಷ್ಟು ಬಿಸಿಲು ಕಾಯಿಸಿದರೂ ಡಿ ವಿಟಮಿನ್ ಸಿಗದು. ಅದಕ್ಕೆ ಬೇಕಾದ ಕಿರಣವನ್ನು ಗಾಜು ತಡೆಯುತ್ತದೆ.

ಇನ್ನು ಸಾಧನಕೇರಿ. ಲಕ್ಸ್ ಅಳೆಯುವ ಹುಚ್ಚು ಹತ್ತಿದ್ದರಿಂದ ಫೋನ್ ಹಿಡಿದುಕೊಂಡೇ ಒಂದು ಬೆಳಿಗ್ಗೆ ಕೆರೆಯ ಕಡೆ ಹೋದೆ. ಆಕಾಶದಲ್ಲಿ ಬಿಸಿಲಿನ ಸುಳಿವಿಲ್ಲ, ಪೂರ್ತಿ ಬೂದಿ ಬಣ್ಣ. ನಡುಮನೆಯಲ್ಲಿ ಟ್ಯೂಬ್‌ಲೈಟ್ ಹಾಕಿಯೂ ಇನ್ನೂರು ದಾಟದ ಅಂಕಿ ಅಲ್ಲಿ ಹತ್ತು ಸಾವಿರದ ಮೇಲೆ ಹೋಗಿತ್ತು. ಮೋಡದ ಕೆಳಗೆ! ಲ್ಯಾಂಪಿಗೆ ಮೂಗು ತಾಗಿಸಿದರೆ ಸಿಗುವಷ್ಟು ಬೆಳಕು, ಎಲ್ಲಿ ನಿಂತರೂ. ದಟ್ಟ ಕಪ್ಪು ಮೋಡ ಇದ್ದ ದಿನ ಅರ್ಧಕ್ಕೆ ಇಳಿಯಿತು. ಆಗಲೂ ಮನೆಯೊಳಗಿನದಕ್ಕೆ ಹೋಲಿಕೆ ಇಲ್ಲ. ಬಟಾಬಯಲಿನ ಬಿಸಿಲು ಒಂದು ಲಕ್ಷ ಲಕ್ಸ್ ಮುಟ್ಟಬಲ್ಲದು. "ಬಿಸಿಲೇ ಇಲ್ಲ, ಹೊರಗೆ ಹೋಗಿ ಏನು ಮಾಡೋದು" ಎನ್ನುವ ಮಾತನ್ನು ನಾನಂತೂ ಬಿಟ್ಟುಬಿಟ್ಟೆ. ನಮ್ಮ ಕಣ್ಣು ಒಳಗಿನ ಕತ್ತಲೆಗೆ ಬೇಗ ಹೊಂದಿಕೊಳ್ಳುತ್ತದೆ, ಅದಕ್ಕೇ ಈ ವ್ಯತ್ಯಾಸ ಗೊತ್ತಾಗುವುದಿಲ್ಲ.

ಕಪ್ಪು ಛತ್ರಿ ಹಿಡಿದರೆ ಅಂಕಿ ಧಡಕ್ಕನೆ ಇಳಿಯುತ್ತದೆ. ಅದಕ್ಕೆ ಸಣ್ಣ ಹನಿಯಿದ್ದರೆ ರೇನ್‌ಕೋಟ್. ಜೋರು ಮಳೆಯಿದ್ದರೆ ನಮ್ಮ ಜಗಲಿ, ಹೊರಗಿನ ಕಡೆ ಮುಖ ಮಾಡಿಕೊಂಡು ಚಹಾ. ಅದರಲ್ಲೂ ನಡುಮನೆಗಿಂತ ಹತ್ತಾರು ಪಟ್ಟು ಜಾಸ್ತಿ ಬೆಳಕು.

ತೊಂದರೆ ಇಲ್ಲವೆಂದಲ್ಲ. ಬೇಗ ಏಳಬೇಕು, ಅದಕ್ಕಾಗಿ ರಾತ್ರಿ ಫೋನ್ ಕೆಳಗಿಡಬೇಕು. ಕೆಸರು. ನಾಯಿಗಳು. ದಿನಾ ಸಿಗುವ ಕಾಕಾ ಒಬ್ಬರು, ನನ್ನನ್ನು ನಿಲ್ಲಿಸಿ ಎಳೆ ಬಿಸಿಲಿನ ಪಾಠ ಮಾಡುತ್ತಾರೆ: "ಏಳಕ್ಕ ಬಾ ತಂಗಿ, ಎಳೀ ಬಿಸಲಾಗ ಡಿ ವಿಟಮಿನ್ ಭಾಳ ಇರ್ತೈತಿ." ನಿಜವೆಂದರೆ ಸೂರ್ಯ ಕೆಳಗಿದ್ದಾಗ ಡಿ ಮಾಡುವ ಕಿರಣ ತೀರ ಕಡಿಮೆ. ಅದು ಸಿಗುವುದು ಹತ್ತರ ಮೇಲಿನ ಬಿಸಿಲಲ್ಲಿ. ಬೆಳಗಿನ ಬೆಳಕು ಬೇಕಾದದ್ದು ನಿದ್ದೆಯ ಗಡಿಯಾರ ಸರಿಯಾಗಲು. ಇದನ್ನು ಕಾಕಾರಿಗೆ ಹೇಳಲು ಹೋಗಿ ಅರ್ಧ ಸುತ್ತು ನಡಿಗೆ ಮಾತಿನಲ್ಲೇ ಮುಗಿದಿದೆ. ಹಾಗೆ ನೋಡಿದರೆ ನನಗೆ ಆರಾಮಾದದ್ದು ಬೆಳಕಿನಿಂದಲೋ, ನಡೆದಿದ್ದರಿಂದಲೋ, ನಾಲ್ಕು ಜನರ ಜೊತೆ ಮಾತಾಡಿದ್ದರಿಂದಲೋ ಬಿಡಿಸಿ ಹೇಳಲಾರೆ. ಲ್ಯಾಂಪಿನಲ್ಲಿ ಒಂದೇ ಸಿಗುತ್ತಿತ್ತು, ಇಲ್ಲಿ ಮೂರೂ ಒಟ್ಟಿಗೆ. ಸಂಜೆಯ ಪೇಡಾ ಪೂರ್ತಿ ನಿಂತಿಲ್ಲ, ಗಿರ್ಮಿಟ್ ಮೇಲಿನ ಮಿರ್ಚಿ ನಿಂತಿದೆ.

ನನ್ನ ಕೆಲಸ ಮಧ್ಯಾಹ್ನ ಶುರುವಾಗುವುದರಿಂದ ಬೆಳಿಗ್ಗೆ ನನ್ನದು, ಕೆರೆ ನಡೆದು ಹೋಗುವ ದೂರದಲ್ಲಿದೆ. ಇದು ಎಲ್ಲರಿಗೂ ಹೊಂದಿಬರದು. ಅಮೆರಿಕದ ಶಿಫ್ಟ್ ಮಾಡಿ ಬೆಳಿಗ್ಗೆ ಮಲಗುವವರು ಆ ಹೊತ್ತಿನಲ್ಲಿ ಬೆಳಕಿಗೆ ಹೋದರೆ ಬರುವ ನಿದ್ದೆಯೂ ಹಾರಿಹೋಗುತ್ತದೆ. ಅವರು ಎದ್ದ ಮೇಲೆ ಮಾಳಿಗೆ ಹತ್ತಲಿ. ಮೊಣಕಾಲು ನೋವಿನವರು, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುತ್ತ ಮನೆ ಬಿಡಲಾಗದವರು ಲ್ಯಾಂಪ್ ಕೊಳ್ಳಬಹುದು. ಆಗ ಲಕ್ಸ್ ಎಷ್ಟು ಎನ್ನುವುದನ್ನು ಬಿಟ್ಟು ಎಷ್ಟು ಸೆಂಟಿಮೀಟರ್‌ನಲ್ಲಿ ಎನ್ನುವುದನ್ನು ಮೊದಲು ಓದಿ. 40ಕ್ಕಿಂತ ಕಡಿಮೆ ಬರೆದಿದ್ದರೆ ಬಿಟ್ಟುಬಿಡಿ. ಹಲಗೆ ದೊಡ್ಡದಿರಲಿ, ಯುವಿ ಕಿರಣ ಇಲ್ಲವೆಂದು ಬರೆದಿರಲಿ. ಡಬ್ಬಿ ಬಿಚ್ಚಿದ ಮೇಲೂ ವಾಪಸ್ ತಗೋತಾರಾ ಎಂದು ದುಡ್ಡು ಕಟ್ಟುವ ಮೊದಲೇ ಕೇಳಿ.