ತೂಕದ ಮಷಿನ್‌ಗೆ ಸಾಫ್ಟ್‌ವೇರ್ ಮಾಡಿಸ್ತಿದ್ದೀರಾ? ಬಾಕಿ ಕೊಡೋ ಮೊದಲು ಕೇಬಲ್ ಕಿತ್ತು ನೋಡಿ

ಶಿವಮೊಗ್ಗ ಕಡೆ ಅಡಿಕೆ ಮಂಡಿ ಇಟ್ಟವರು ದಯವಿಟ್ಟು ಓದಿ. ದುಡ್ಡು ಹೋಯ್ತು, ಅದು ಬೇರೆ ಮಾತು. ರೈತರ ಎದುರು ಮಾನ ಹೋಯ್ತಲ್ಲ, ಅದಕ್ಕೆ ಬರೀತಿದ್ದೇನೆ.

ಕೆಲಸ ದೊಡ್ಡದೇನಲ್ಲ. ಮಷಿನ್ ಹಿಂದೆ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟ್ ಇದೆ, ತೂಕ ಅಲ್ಲಿಂದ ಬರುತ್ತಲೇ ಇರುತ್ತೆ. ಅದನ್ನು ಓದಿ ಬಿಲ್ಲಿಗೆ ಹಾಕೋ ಒಂದು ಸಿ ಪ್ರೋಗ್ರಾಂ ಬೇಕಿತ್ತು, ಲಿನಕ್ಸ್ ಇರೋ ಹಳೇ ಕಂಪ್ಯೂಟರಿಗೆ. ಊರಿನವನೇ ಒಬ್ಬ ಒಪ್ಪಿಕೊಂಡ. ಡೆಮೊಗೆ ಒಂದೇ ಚೀಲ ಇಟ್ಟ. 65.20 ಬಂತು. ಬಾಕಿ ಎಣಿಸಿಕೊಂಡು ಹೋದ.

ಸೀಜನ್ ಶುರುವಾಯ್ತು ನೋಡಿ. ಅರವತ್ತೈದು ಕೆಜಿ ಚೀಲ ಒಮ್ಮೊಮ್ಮೆ 5.20 ಅಂತ ಬರುತ್ತೆ! ಫೋನ್ ಮಾಡಿದರೆ, "ಮಲೆನಾಡಲ್ಲಿ ತೇವ ಜಾಸ್ತಿ ಸಾರ್, ಪೋರ್ಟ್ ತುಕ್ಕು ಹಿಡಿದಿರುತ್ತೆ, ಒರೆಸಿ." ಒರೆಸಿದೆವು. "ಹಂಗಾದ್ರೆ ಮಷಿನ್ ಹಳೇದು ಸಾರ್."

ಆಮೇಲೆ ಆ ದಿನ. ಹಮಾಲಿ ಕಾಲಿಗೆ ಸಿಕ್ಕಿ ಕೇಬಲ್ ಕಳಚಿ ಬಿತ್ತು, ಯಾರೂ ನೋಡಲಿಲ್ಲ. ಹೊಸನಗರ ಕಡೆಯ ರೈತರೊಬ್ಬರು ಸರಕು ಅನ್ನೋ ಬೆಲೆಬಾಳೋ ದರ್ಜೆಯ ಅಡಿಕೆ ತಂದಿದ್ದರು. ಚೀಲ ಇನ್ನೂ ಅವರ ಪಕ್ಕದಲ್ಲೇ ಇದೆ, ಸ್ಕ್ರೀನ್ ಮೇಲೆ ತೂಕ ಬಂದು ಕೂತಿದೆ. "ಏನ್ ಸ್ವಾಮಿ, ಚೀಲ ಇಡೋಕೆ ಮುಂಚೆನೇ ತೂಕ ಹೇಳುತ್ತಲ್ಲ ನಿಮ್ ಕಂಪ್ಯೂಟರ್?" ಮಂಡಿಯೆಲ್ಲ ನಕ್ಕಿತು. ಹಿಂದಿನವರ ಚೀಲದ ತೂಕ ಅದು! ಕೇಬಲ್ ನೆಲದ ಮೇಲಿದೆ, ತೂಕ ಮಾತ್ರ ಹಾಗೇ ಇದೆ. ಕ್ವಿಂಟಲಿಗೆ ಹತ್ತಾರು ಸಾವಿರದ ಮಾಲು ಸ್ವಾಮಿ ಅದು. ಇನ್ನೆಷ್ಟು ಬಿಲ್ಲು ಹೀಗೆ ಹೋಗಿದೆಯೋ ಅಂತ ಹೊಟ್ಟೆ ತೊಳಸಿತು.

ಪುಣ್ಯಕ್ಕೆ ಪ್ರೋಗ್ರಾಂ ಮಾಡಿದವನು ಸೋರ್ಸ್ ಕೋಡ್, ಅಂದರೆ ತಾನು ಬರೆದ ಮೂಲ ಸಾಲುಗಳನ್ನು, ಅದೇ ಫೋಲ್ಡರಿನಲ್ಲಿ ಬಿಟ್ಟು ಹೋಗಿದ್ದ. ನಮ್ಮ ಅಕ್ಕನ ಮಗ ತೆಗೆದು ನೋಡಿದ. ಪೋರ್ಟಿನಿಂದ ಓದುವಾಗ ಕನಿಷ್ಠ ಎಷ್ಟು ಅಕ್ಷರಕ್ಕೆ ಕಾಯಬೇಕು ಅನ್ನೋ ವಿಮಿನ್ ಸೊನ್ನೆ, ಎಷ್ಟು ಹೊತ್ತು ಕಾಯಬೇಕು ಅನ್ನೋ ವಿಟೈಮ್ 10, ಅದು ಸೆಕೆಂಡಿನ ಹತ್ತನೇ ಒಂದರ ಲೆಕ್ಕ. ಅಂದರೆ ಒಂದು ಸೆಕೆಂಡ್ ಕಾದರೂ ಏನೂ ಬರದಿದ್ದರೆ, ಪೋರ್ಟಿನಿಂದ ಓದೋ ರೀಡ್ ಅನ್ನೋ ಆಜ್ಞೆ ಸೊನ್ನೆ ಕೊಟ್ಟು ವಾಪಸ್ ಬರುತ್ತೆ. ಈ ಮಹಾರಾಯ ಆ ಸೊನ್ನೆಯನ್ನು ನೋಡೋದೇ ಇಲ್ಲ! ಬಫರಿನಲ್ಲಿ, ಅಂದರೆ ಓದಿದ್ದನ್ನು ಇಟ್ಟುಕೊಳ್ಳೋ ಜಾಗದಲ್ಲಿ, ಉಳಿದ ಹಳೇ ತೂಕವನ್ನೇ ಮತ್ತೆ ಬಿಲ್ಲಿಗೆ ಹಾಕ್ತಾನೆ. 5.20 ಕಥೆಯೂ ಅಷ್ಟೇ. ಪೋರ್ಟಿನ ವೇಗ 9600 ಬಾಡ್, ಅದರಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 960 ಅಕ್ಷರ. ರೀಡ್ ಆ ಹೊತ್ತಿಗೆ ಬಂದಷ್ಟನ್ನೇ ಕೊಡುತ್ತೆ, ಅರ್ಧ ಸಾಲಾದರೂ ಸರಿ. 6 ಒಂದು ಸಲಕ್ಕೆ ಬಂದು, 5.20 ಮುಂದಿನ ಸಲಕ್ಕೆ ಬಂದರೆ ಬಿಲ್ಲಿಗೆ 5.20 ಬೀಳುತ್ತೆ. ಸಾಲು ಮುಗಿಯೋವರೆಗೆ ಕೂಡಿಸಿಕೊಂಡು ಆಮೇಲೆ ಸಂಖ್ಯೆ ಮಾಡಬೇಕು. ಇದನ್ನು ಕಾಲೇಜು ಹುಡುಗ ಹೇಳಬೇಕಾಯ್ತು.

ಫೋನ್ ಹಚ್ಚಿದೆ. ಕೇಬಲ್ ಇಲ್ಲದೆ ತೂಕ ಹೇಗಪ್ಪಾ ಬರುತ್ತೆ ಅಂದೆ. "ಅದು ಲಾಸ್ಟ್ ವ್ಯಾಲ್ಯೂ ಫೀಚರ್ ಸಾರ್." ಫೀಚರ್ ಅಂತೆ, ಫೀಚರ್! ಸರಿ, ತೆಗಿ ಅಂದರೆ, "ಕಸ್ಟಮೈಸೇಶನ್ ಚಾರ್ಜ್ ಆಗುತ್ತೆ." ಆಮೇಲೆ ಫೋನ್ ಎತ್ತಲಿಲ್ಲ. ವಾಟ್ಸಾಪಲ್ಲಿ ನೀಲಿ ಟಿಕ್ ಮಾತ್ರ ಬೀಳುತ್ತೆ.

ಹಾಗಾಗಿ, ಪ್ರೋಗ್ರಾಂ ಓಡುತ್ತಿರುವಾಗಲೇ ಕೇಬಲ್ ಕೀಳಿ. ತೂಕ ಹಾಗೇ ಇದ್ದರೆ ಬಾಕಿ ಕೊಡಬೇಡಿ. ಒಂದೇ ಚೀಲದ ಡೆಮೊ ಒಪ್ಪಬೇಡಿ, ದಿನವಿಡೀ ಓಡಿಸಿ. ಸೋರ್ಸ್ ಕೋಡ್ ಕೊಡ್ತೀನಿ ಅಂತ ಬರೆಸಿಕೊಳ್ಳಿ. ತೇವ, ತುಕ್ಕು ಅಂತ ಶುರು ಮಾಡಿದರೆ ಕಾಫಿ ಕೂಡ ಕೊಡಬೇಡಿ, ಕಳಿಸಿಬಿಡಿ.