ಇಗ್ನಿಷನ್ ಕೆಟ್ಟಾಗ ನನ್ನ ಕೈ ಹಿಡಿದ ಜೆ.ಸಿ. ರೋಡಿನ ಆಟೋ ಎಲೆಕ್ಟ್ರಿಷಿಯನ್

ಕೀ ತಿರುಗಿಸಿದರೆ ಕಾರು ಸ್ಟಾರ್ಟ್ ಆಗುತ್ತಿಲ್ಲ, ಸರ್ವಿಸ್ ಸೆಂಟರ್‌ನವರು ದೊಡ್ಡ ಎಸ್ಟಿಮೇಟ್ ಕೊಟ್ಟಿದ್ದಾರೆ ಅನ್ನುವವರು ದುಡ್ಡು ಕಟ್ಟುವ ಮೊದಲು ಒಮ್ಮೆ ಒಳ್ಳೆಯ ಆಟೋ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ನಾನು ಹೋದದ್ದು ಬೆಂಗಳೂರಿನ ಜೆ.ಸಿ. ರೋಡಿನ ಸ್ಪೇರ್ಸ್ ಅಂಗಡಿಗಳ ಹಿಂದಿನ ಅಡ್ಡರಸ್ತೆಗೆ. ಒಂದೇ ಶಟರಿನ ಅಂಗಡಿ. ವಯಸ್ಸಾದ ಎಲೆಕ್ಟ್ರಿಷಿಯನ್ ಒಬ್ಬರು, ಜೊತೆಗೆ ಕೆಲಸ ಕಲಿಯುವ ಒಬ್ಬ ಹುಡುಗ.

ನಾನು ಚಾಮರಾಜಪೇಟೆಯಲ್ಲಿ ಮನೆಯಲ್ಲೇ ಹೋಳಿಗೆ ಮಾಡಿ ಮಾರುತ್ತೇನೆ. ಡೆಲಿವರಿಗೆ ಇರುವುದು ಹಳೆಯ ಪೆಟ್ರೋಲ್ ಕಾರು. ಮೊದಮೊದಲು ಕೀಯನ್ನು ಸ್ವಲ್ಪ ಅಲ್ಲಾಡಿಸಿದರೆ ಸೆಲ್ಫ್ ಹೊಡೆಯುತ್ತಿತ್ತು. ಆಮೇಲೆ ಅದೂ ಇಲ್ಲ. ಒಂದು ದಿನ ವಿಜಯನಗರದ ಹತ್ತಿರ ಹಂಪ್ ದಾಟುತ್ತಿದ್ದಂತೆ ಮೀಟರ್ ಪೂರ್ತಿ ಕತ್ತಲಾಯಿತು, ಎಂಜಿನ್ ನಿಂತಿತು, ಸ್ಟೀರಿಂಗ್ ಕಲ್ಲಿನಂತೆ ಬಿಗಿಯಾಯಿತು. ಹಿಂದೆ ಬಸ್ಸು ಬರುತ್ತಿತ್ತು. ಆವತ್ತಿನ ಭಯ ಇನ್ನೂ ಹೋಗಿಲ್ಲ.

ಸರ್ವಿಸ್ ಸೆಂಟರ್‌ನಲ್ಲಿ ಲಾಕ್ ಸೆಟ್ ಪೂರ್ತಿ ಬದಲಾಯಿಸಬೇಕು ಅಂದರು. ಇಗ್ನಿಷನ್, ಬಾಗಿಲು, ಡಿಕ್ಕಿ, ಎರಡು ಹೊಸ ಕೀ, ಕೀಯ ಚಿಪ್ಪನ್ನು ಕಾರಿಗೆ ಹೊಂದಿಸುವ ಕೋಡಿಂಗ್, ಎಲ್ಲಾ ಸೇರಿ ₹17,400. ಎಂಜಿನ್ ಸ್ಟಾರ್ಟ್ ಮಾಡುವ ಸೆಲ್ಫ್ ಮೋಟರ್ ಕೂಡ ಡೌಟ್, ಬಿಚ್ಚಿದ ಮೇಲೆ ಹೇಳುತ್ತೇವೆ ಅಂದರು. ಏನನ್ನು ಟೆಸ್ಟ್ ಮಾಡಿ ಈ ತೀರ್ಮಾನಕ್ಕೆ ಬಂದಿರಿ ಅಂತ ಕೇಳಿದೆ. ಉತ್ತರ ಸಿಗಲಿಲ್ಲ. ನನಗೆ ಸಿಟ್ಟು ಬಂದದ್ದು ಅಲ್ಲಿ. ಅಷ್ಟು ದುಡ್ಡು ದುಡಿಯಲು ಎಷ್ಟು ಹೋಳಿಗೆ ಬೇಯಿಸಬೇಕು ಅಂತ ನನಗೆ ಗೊತ್ತು.

ಈ ಅಂಗಡಿಯವರು ಮೊದಲು ಏನನ್ನೂ ಬಿಚ್ಚಲಿಲ್ಲ. "ಕೀ ಆನ್ ಮಾಡಿ ಅಮ್ಮಾ" ಅಂದರು. ಮೀಟರಿನಲ್ಲಿ ಕೀ ಚಿತ್ರದ ದೀಪ ಹತ್ತಿ ಆರಿತು. ಅಂದರೆ ಕೀಯೊಳಗಿನ ಚಿಪ್ಪನ್ನು ಕಾರು ಗುರುತು ಹಿಡಿದಿದೆ, ಕೀ ಬದಲಾಯಿಸುವ ಕೆಲಸ ಇಲ್ಲ. ಬ್ಯಾಟರಿಗೆ ಮೀಟರ್ ಹಿಡಿದರು, 12.5 ವೋಲ್ಟ್. ಚೆನ್ನಾಗಿದೆ. ಆಮೇಲೆ ಸೆಲ್ಫ್ ಮೋಟರಿಗೆ ಹೋಗುವ ಸಣ್ಣ ವೈರಿಗೆ ಟೆಸ್ಟ್ ಲ್ಯಾಂಪ್ ಇಟ್ಟು ನನ್ನಿಂದ ಸ್ಟಾರ್ಟ್ ಮಾಡಿಸಿದರು. ಲ್ಯಾಂಪ್ ಹತ್ತಲಿಲ್ಲ, ಅಂದರೆ ಅಲ್ಲಿಗೆ ಕರೆಂಟ್ ಬರುತ್ತಿಲ್ಲ. ಗೇರ್ ನ್ಯೂಟ್ರಲ್‌ನಲ್ಲಿದೆಯಾ, ಹ್ಯಾಂಡ್‌ಬ್ರೇಕ್ ಎಳೆದಿದೆಯಾ ಅಂತ ತಾವೇ ನೋಡಿ, ಬ್ಯಾಟರಿಯಿಂದ ನೇರವಾಗಿ ಅಲ್ಲಿಗೆ ಕರೆಂಟ್ ಕೊಟ್ಟರು. ಸೆಲ್ಫ್ ಜೋರಾಗಿ ತಿರುಗಿತು. ಹಾಗಾದರೆ ಮೋಟರೂ ಸರಿ ಇದೆ, ಅಲ್ವಾ? ತೊಂದರೆ ಕೀ ಮತ್ತು ಆ ವೈರಿನ ನಡುವೆ ಎಲ್ಲೋ ಇದೆ. ಫ್ಯೂಸ್, ರಿಲೇ ನೋಡಿದರು, ಸರಿ ಇದ್ದವು.

ಕೊನೆಗೆ ಬ್ಯಾಟರಿಯ ನೆಗೆಟಿವ್ ತೆಗೆದು, ಏರ್‌ಬ್ಯಾಗ್ ಇರುವ ಕಾರಿನಲ್ಲಿ ಸ್ವಲ್ಪ ಹೊತ್ತು ಬಿಡಬೇಕು ಅಂತ ಕಾದು, ಸ್ಟೀರಿಂಗ್ ಕೆಳಗಿನ ಕವರ್ ಬಿಚ್ಚಿದರು. ನಾವು ಕೀ ಹಾಕುವ ಬ್ಯಾರಲ್ ಬೇರೆ, ಅದರ ಹಿಂದೆ ಕರೆಂಟ್ ಕೊಡುವ ಸ್ವಿಚ್ ಬೇರೆ. ನನ್ನ ಕಾರಿನಲ್ಲಿ ಎರಡು ಸ್ಕ್ರೂ ತೆಗೆದರೆ ಸ್ವಿಚ್ ಮಾತ್ರ ಕೈಗೆ ಬರುತ್ತದೆ. ಒಳಗಿನ ತಾಮ್ರದ ಕಾಂಟ್ಯಾಕ್ಟ್ ಸುಟ್ಟು ಕಪ್ಪಾಗಿತ್ತು. ನನ್ನ ಅಂಗೈ ಮೇಲೆ ಇಟ್ಟು ತೋರಿಸಿದರು. ಹಂಪ್ ಮೇಲೆ ಕಾರು ನಿಂತದ್ದೂ ಇದೇ ಕಾರಣಕ್ಕೆ.

ಇದನ್ನು ಸಣ್ಣ ತೊಂದರೆ ಅಂತ ಯಾರೂ ಮುಂದಕ್ಕೆ ಹಾಕಬೇಡಿ. ಅಮೆರಿಕದಲ್ಲಿ ಜನರಲ್ ಮೋಟರ್ಸ್ ಕಂಪನಿ ಇಗ್ನಿಷನ್ ಸ್ವಿಚ್ ದೋಷಕ್ಕೇ 2014ರಲ್ಲಿ ಸುಮಾರು 26 ಲಕ್ಷ ಕಾರುಗಳನ್ನು ವಾಪಸ್ ಕರೆಸಿತ್ತು. ಕುಲುಕಿದಾಗ ಅಥವಾ ಕೀ ಗೊಂಚಲಿನ ಭಾರಕ್ಕೆ ಸ್ವಿಚ್ ಆನ್‌ನಿಂದ ಹಿಂದಕ್ಕೆ ಜಾರುತ್ತಿತ್ತು. ಎಂಜಿನ್ ನಿಲ್ಲುತ್ತಿತ್ತು, ಡಿಕ್ಕಿಯಾದಾಗ ಏರ್‌ಬ್ಯಾಗ್ ತೆರೆದುಕೊಳ್ಳುತ್ತಿರಲಿಲ್ಲ. 124 ಸಾವುಗಳಿಗೆ ಪರಿಹಾರ ಕೊಡಬೇಕಾಯಿತು.

ಹೊಸ ಸ್ವಿಚ್ ತರಲು ಹುಡುಗನನ್ನು ಮುಖ್ಯರಸ್ತೆಗೆ ಕಳಿಸಿದರು. ಕಂಪನಿ ಪಾರ್ಟೇ, ₹950, ಸ್ಪೇರ್ಸ್ ಅಂಗಡಿಯ ಬಿಲ್ ನನ್ನ ಹೆಸರಿಗೆ. ಲೇಬರ್ ₹700. ಹಳೇ ಸ್ವಿಚ್ಚನ್ನು ಕವರಿಗೆ ಹಾಕಿ ನನಗೇ ಕೊಟ್ಟರು. ಆಮೇಲೆ ಇಡೀ ಶ್ರಾವಣದ ಆರ್ಡರ್ ಓಡಿಸಿದ್ದೇನೆ, ಒಮ್ಮೆಯೂ ಕೈಕೊಟ್ಟಿಲ್ಲ.

ಕೊರತೆಗಳೂ ಇವೆ. ಲೇಬರಿಗೆ ಬಿಲ್ ಕೊಡುವುದಿಲ್ಲ, ಚೀಟಿ ಅಷ್ಟೇ. ಕೂರಲು ಜಾಗ ಇಲ್ಲ, ಒಂದು ಸ್ಟೂಲ್ ಇದೆ. ಕೆಲಸದಲ್ಲಿದ್ದರೆ ಫೋನ್ ಎತ್ತುವುದಿಲ್ಲ. ಚಿಪ್ ಇರುವ ಕೀ ಕಳೆದುಹೋದರೆ ಅಥವಾ ಆ ಕೀ ದೀಪ ಆರದೆ ಮಿಣುಕುತ್ತಲೇ ಇದ್ದರೆ ಅವರ ಹತ್ತಿರ ಕೋಡಿಂಗ್ ಮಾಡುವ ಮೆಷಿನ್ ಇಲ್ಲ. ಅದಕ್ಕೆ ಸರ್ವಿಸ್ ಸೆಂಟರಿಗೇ ಹೋಗಿ ಅಂತ ಅವರೇ ಹೇಳಿ ಕಳಿಸುತ್ತಾರೆ.

ಭಾನುವಾರ ರಜೆ. ಬೆಳಿಗ್ಗೆ ಅಂಗಡಿ ತೆಗೆಯುವ ಹೊತ್ತಿಗೇ ಹೋಗಿ. ಹನ್ನೊಂದರ ಮೇಲೆ ಆ ರಸ್ತೆಯಲ್ಲಿ ಕಾರು ನಿಲ್ಲಿಸಲು ಜಾಗ ಸಿಗುವುದು ಕಷ್ಟ.